ಒತ್ತಕ್ಷರ

ಊಟದ ಮನೆಯ ಬಾಗಿಲ ಪಕ್ಕ ಒಂದು ಕರಿಹಲಗೆ.
ಪ್ರತಿ ತಿಂಗಳ ಕಡೆಯ ಸಂಜೆ
ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು,
ಮುಂದಿನ ತಿಂಗಳನ್ನು ಅದರ ಮೇಲೆ ಕೂರಿಸುತ್ತೇವೆ.

ಆರು ವರ್ಷ ಈ ಕೆಲಸ ದೇವಸಹಾಯಪ್ಪನದು.
ಹರಿಹರದ ರಸ್ತೆಯಲ್ಲಿ ಲಾರಿಗಳ ಹಣೆಗೆ ಹೆಸರು ಬರೆದ ಕೈ.
‘ಕರ್ತನ ಭೋಜನ, ಮೊದಲ ಭಾನುವಾರ’ ಎಂದು ಬರೆದರೂ
ಅಕ್ಷರಕ್ಕೊಂದು ನೆರಳು, ಸಾಲಿಗೊಂದು ಬಳ್ಳಿ,
ಎರಡೂ ಮೂಲೆಗೆ ಒಂದೊಂದು ತಾವರೆ.
ಪ್ರಾರ್ಥನೆಗೆ ತಾವರೆ ಯಾಕಯ್ಯ, ಎಂದರೆ
‘ಲಾರಿ ಖಾಲಿ ಹೋಗಬಾರ್ದು ಟೀಚರ್’ ಅನ್ನುತ್ತಿದ್ದ.

ಅವನು ಹೋದ ಮೇಲೆ
ಸೆಪ್ಟೆಂಬರಿನಲ್ಲೂ ಅಕ್ಟೋಬರಿನಲ್ಲೂ
ಆಗಸ್ಟಿನ ಹುಟ್ಟುಹಬ್ಬಗಳೇ ಹಲಗೆಯ ಮೇಲೆ.
ಒರೆಸಲು ಯಾರಿಗೂ ಕೈ ಬರಲಿಲ್ಲ.
ವಾರ್ಡನ್ ಜಯಶೀಲ ನನ್ನ ಕಡೆ ನೋಡಿದಳು.
ನಾನು ನನ್ನ ಬಲಗೈ ತೋರಿಸಿದೆ:
ಮೂವತ್ತೊಂದು ವರ್ಷ ತಪ್ಪು ತಿದ್ದಿದ ಬೆರಳು
ಈಗ ಚಹಾದ ಲೋಟಕ್ಕೂ ಎಡಗೈಯ ಸಾಕ್ಷಿ ಕೇಳುತ್ತದೆ.

‘ನಾ ಬರೀತೀನ್ ತಗಳ್ರಿ’ ಅಂದದ್ದು ಲುದ್ಯಮ್ಮ.
ಗಿರಣಿಯ ಕೂಗಿಗೆ ಎದ್ದು ನೂಲು ಸುತ್ತಿದವಳು,
ಹೆಬ್ಬೆಟ್ಟು ಒತ್ತಿ ಸಂಬಳ ತಂದವಳು,
ಎಪ್ಪತ್ತೆರಡಕ್ಕೆ ನನ್ನ ಮುಂದೆ ಸ್ಲೇಟು ಹಿಡಿದು ಕೂತವಳು.
ಮೂಲಾಕ್ಷರ ಬಂತು, ಕಾಗುಣಿತ ಬಂತು,
ಒತ್ತಕ್ಷರದ ಹೊತ್ತಿಗೆ ಅವಳ ಕಣ್ಣಿನ ಪೊರೆ ಬಂತು,
ಆಮೇಲೆ ಆಪರೇಷನ್ನು, ಆಮೇಲೆ ನನ್ನ ಜ್ವರ.
ಪಾಠ ಅಲ್ಲೇ ನಿಂತಿತು.

ಹಾಗಾಗಿ ನಮ್ಮ ನವೆಂಬರಿಗೆ ಒತ್ತಕ್ಷರಗಳಿಲ್ಲ.

ದಿನಾ ಸಂಜೆ ಆರಕೆ ಪಾಥನೆ, ಎಲರೂ ಬನಿ.
ಎರಡನೇ ಶುಕವಾರ ಬಿಪಿ, ಸಕರೆ.
(ಅವತ್ತು ಗಿಳಿ ಬರಲಿಲ್ಲ, ಡಾಕ್ಟರು ಬಂದರು.
ಆಬೇಲಪ್ಪನದು ಇನ್ನೂರ ನಲವತ್ತು.)
ಮೂರನೇ ಶನಿವಾರ ಬೆಣೆ ದೋಸೆ, ತಲೆಗೆ ಒಂದೇ.
ಪತೀ ಸೋಮವಾರ ಕಿಸಮಸ ಹಾಡಿನ ಅಭಾಸ.
ಆಬೇಲಪ್ಪನ ಬೇಸ್ ಕೇಳಿದವರು
ಅದನ್ನು ತಪ್ಪು ಅನ್ನಲಾರರು.

ಎಲ್ಲಕ್ಕಿಂತ ಕೆಳಗೆ, ಕಡೆಯ ಭಾನುವಾರಕ್ಕೆ,
ಎಲ್ಲಕ್ಕಿಂತ ದೊಡ್ಡದಾಗಿ:
ದೇವಸಹಾಯಪನವರ ಮರಣೆ.

ತಟ್ಟೆ ಹಿಡಿದು ಬಂದವರು ಓದಿದರು.
ಒಬ್ಬರೂ ನಗಲಿಲ್ಲ. ಸಾರು ಆರಿತು.
ನನ್ನೊಳಗೆ ಹಳೆಯ ಕೆಂಪು ಶಾಯಿ ಎದ್ದು ಕೂತಿತು.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬಂದು ನಿಂತೆ.
ಪಕ್ಕಕ್ಕೊಂದು ಸ ಇಟ್ಟರೆ ಸಾಲದು ಇಲ್ಲಿ.
ಮೊದಲು ಮ ಅಳಿಸಬೇಕು.
ಆ ಜಾಗದಲ್ಲಿ ಸ ಕೂರಿಸಬೇಕು.
ಅಳಿಸಿದ ಮ ವನ್ನು ಚಿಕ್ಕದು ಮಾಡಿ
ಅದರ ಕಾಲಡಿಗೆ ಇಳಿಸಬೇಕು.
ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ ಇದನ್ನು,
ಏನು ಹೇಳಿಕೊಡುತ್ತಿದ್ದೇನೆಂದು ನೋಡದೆ,
ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.

ಒದ್ದೆ ಬಟ್ಟೆ ಎತ್ತಿದ್ದೆ.
ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು.
‘ತಪ್ಪೈತೇನ್ರೀ ಟೀಚರ್?’
ಬಟ್ಟೆಯಿಂದ ನೀರು ನನ್ನ ಮೊಣಕೈಗೆ ಇಳಿಯುತ್ತಿತ್ತು.
ಮೂಲೆಯಲ್ಲಿ ಏನೋ ಬರೆದಿದ್ದಳು, ದುಂಡಗೆ, ಅದನ್ನು ತೋರಿಸಿ
‘ತಾವರೆ ಸ್ವಲ್ಪ ಸೊಟ್ಟಗಾಗಿದೆ’ ಅಂದೆ.
‘ತಾವರೆ ಎಲ್ಲೈತ್ರಿ? ಅದು ದೋಸೆ ಮ್ಯಾಲಿನ ಬೆಣ್ಣಿ.’

ಸೋಮವಾರದಿಂದ ಸ್ಲೇಟು ತಗೊಂಡು ಬಾ, ಅಂದೆ.
ಸೋಮವಾರ ಹಾಡು ಐತಲ್ರೀ, ಅಂದಳು.

ಮೂರನೇ ಶನಿವಾರ ಹೋಟೆಲಿನ ಹುಡುಗ
ಸೈಕಲ್ಲಿನಿಂದ ಇಪ್ಪತ್ತಮೂರು ಪೊಟ್ಟಣ ಇಳಿಸಿದ.
ಇರುವವರು ಇಪ್ಪತ್ತೆರಡು.
ಒಂದನ್ನು ಕಡಿಮೆ ಹೇಳಲು
ಜಯಶೀಲಳಿಗೂ ನೆನಪಾಗಿರಲಿಲ್ಲ, ನನಗೂ.
ಬೆಣ್ಣೆ ಕಾಗದಕ್ಕೆ ಇಳಿಯುತ್ತಾ ಕೂತಿತು ಅದು ಮೇಜಿನ ಮೇಲೆ,
ಎಲ್ಲರೂ ತಿಂದು ಕೈ ತೊಳೆಯುವವರೆಗೆ.
ಆಮೇಲೆ ಆಬೇಲಪ್ಪ, ಯಾರ ಕಡೆಗೂ ನೋಡದೆ,
ಅದನ್ನು ತನ್ನ ಕಡೆಗೆ ಎಳೆದುಕೊಂಡ.