ಉಸಿರು ತಗೋರಿ, ಹಿಡೀರಿ

ಗಾಡಿ ಮಾರೂ ಮುಂದ ಬೆಳಗಾವಿಯ ಓಂಕಾರ ಜಾಧವ
ಬಾನೆಟ್ ತಟ್ಟಿ ಹೇಳಿದ್ದ:
"ಅಕ್ಕಾರ, ಕಂಪನಿ ಫಿಲ್ಟರ್ ತಗದು ಹೊರಗಿಂದು ಹಾಕ್ಸೇನಿ.
ಗಾಡಿ ಉಸಿರು ನಿಮಗ ಕೇಳಸ್ತೈತಿ ನೋಡ್ರಿ."

ಕೇಳಸ್ತೈತಿ, ಖರೆ.
ಹುನಗುಂದದ ಏರಿನ್ಯಾಗ ಗೇರ್ ಇಳಿಸಿದ್ರ
ತಿದಿ ಊದಿಧಾಂಗ ಎಳಕೋತೈತಿ.
ದವಾಖಾನಿ ವಾಚಮನ್ ಕಾಣೂಕಿಂತ ಮೊದಲ ಗೇಟು ತೆಗೀತಾನ,
ಎಕ್ಸರೇ ಮೇಡಂ ಬಂದ್ರು ಅಂತ.

ಎರಡು ತಿಂಗಳಾತು, ಆ ಉಸಿರು ಕುಂದೈತಿ.
ಇಳಕಲ್ಲಿನ ಬೈಪಾಸಿಗುಂಟ ಕಲ್ಲು ಕೊಯ್ಯೂ ಗರಗಸ
ಹಗಲೂ ನಿಂದ್ರೂದಿಲ್ಲ, ರಾತ್ರೀನೂ ನಿಂದ್ರೂದಿಲ್ಲ.

ರವಿವಾರ. ಬೇವಿನ ನೆರಳು.
ಸ್ಟೇರಿಂಗ್ ಪೂರ್ತಿ ಬಲಕ್ಕ ತಿರುವಿದೆ,
ಎಡಗಾಲಿ ಒಳಗ ಸರದು ಸಂದಿ ಬಿಡ್ತು.
ಫಿಲ್ಟರ್ ಇರೂದು ಬಂಪರಿನ ಹಿಂದ, ಫಾಗ್ ಲೈಟಿನ ಬೆನ್ನಿಗೆ,
ನಾದಿನಿಗೆ ಕಾಣಬಾರದಂತ ದಾಗೀನ ಇಟ್ಟಾಂಗ.
ಏಳು ಕ್ಲಿಪ್ಪು. ಉಳ್ಳಾಗಡ್ಡಿ ಹೆಚ್ಚೂ ಚಾಕುವಿನ ತುದಿಲೆ ಎಬ್ಬಿಸಿದೆ.
ಆರು ಬಂದ್ವು. ಏಳನೇದು ಸಿಡದು ಗಟಾರ ಸೇರಿತು.

ಬಳಿ ತಗದು ಕಟ್ಟಿ ಮ್ಯಾಲಿಟ್ಟು ಮಲಗಿದೆ,
ಮೊಣಕೈ ತನಕ ಒಳಗ.
ಕಣ್ಣಿಗೆ ಸಿಗೂದಲ್ಲ ಅದು, ಬೆರಳೇ ನೋಡಬೇಕು.
ಕತ್ತಲಿ ಕೋಣ್ಯಾಗ ಫಿಲ್ಮ್ ತೊಳಿಯೂ ಕಾಲದಾಗ ಕಲತದ್ದು.
ಪೈಪು. ಪಟ್ಟಿ. ಪಟ್ಟಿಯ ನಟ್ಟು.
ಅರ್ಧ ಸುತ್ತು, ಕೈ ಸೋತು, ಮತ್ತ ಅರ್ಧ ಸುತ್ತು.

ಆಚಿಮನಿ ದಾವಲಸಾಬ ಬೀಡಿ ಆರಿಸಿ ಬಂದು ಕುಂತ:
"ಕಾಂಪ್ರೆಸ್ಸರಿಂದ ಒಂದ್ಸಲ ಊದಿಸಿಬಿಡ್ರಿ ಮೇಡಂ."
ಬ್ಯಾಡ. ಹತ್ತಿ ಅರಿವಿ ಅದು, ಜೋರು ಊದಿದ್ರ ಹರೀತೈತಿ.
ಅರಿವಿ ಮಾತು ಮಗ್ಗದ ಊರಿಗೆ ಹೇಳಬೇಕಾತು.

ಪೈಪಿನ ತೆರೆದ ಬಾಯಿಗೆ ಹಳೇ ಸೀರಿ ತುಂಡು ತುರಕಿದೆ,
ತೋಪ ತೆನಿ ಸೆರಗು, ಅವ್ವಂದು.

ಬುಗುರಿಯಂಥಾದ್ದು ಹೊರಗ ಬಂತು.
ಮಡಿಕಿನ್ಯಾಗ ಜ್ವಾಳದ ಹೊಟ್ಟು, ಅರ್ಧ ಚಿಟ್ಟಿ ರೆಕ್ಕಿ,
ಯಾವ ಮಗ್ಗದ್ದೋ ಒಂದೆಳಿ ರೇಶಿಮಿ.
ಉಳದದ್ದೆಲ್ಲಾ ಕಲ್ಲು.
ಕೆಂಪು ಕಲ್ಲು ಕೊಯ್ದರೂ ಹಿಟ್ಟು ಬೂದಿ ಬಣ್ಣ, ಯಾಕೋ.

ಬಿಸಲಿಗೆ ಎತ್ತಿ ಹಿಡದೆ. ರೂಢಿ,
ಏನ ಸಿಕ್ಕರೂ ಬೆಳಕಿಗೆ ಹಿಡಿಯೂದು.
ಎಲ್ಲೂ ಬೆಳಕು ದಾಟಲಿಲ್ಲ.

ಮಂಗಳವಾರ ಬಂದಿದ್ದ ಯಮನೂರಪ್ಪ,
ಪಾಲಿಶ್ ಮಶೀನಿನ್ಯಾಗ ಹದಿನಾಕು ವರ್ಷ.
ಎದಿ ಪ್ಲೇಟಿಗೆ ಹಚ್ಚಿ ನಿಂದ್ರಿಸಿ ಹೇಳಿದೆ, ಎಲ್ಲಾರಿಗೂ ಹೇಳೂದ:
ಉಸಿರು ತಗೋರಿ. ಹಿಡೀರಿ.
ಅವಗ ಹಿಡಿಯಾಕ ಆಗಲಿಲ್ಲ. ಮೂರು ಸಲ ತಗದೆ.
"ಫೋಟೋದಾಗ ಏನೈತ್ರೀ?"
ನಾ ಹೇಳೂಹಂಗಿಲ್ಲ, ಡಾಕ್ಟರು ಹೇಳತಾರ ಅಂದೆ.
ನಿಯಮ ಹಂಗ ಐತಿ.
ನನಗ ಓದಾಕ ಬರತೈತಿ ಅನ್ನೂದು ಬ್ಯಾರೆ.

ಬಕೀಟು, ನೊರಿ, ಹತ್ತು ಮಿನಿಟು.
ನೀರು ಸಣ್ಣಗ, ಒಳಗಿಂದ ಹೊರಗ.
ಹೊಕ್ಕ ದಾರೀಲೇ ಹೊರಡಬೇಕು ದೂಳು.
ಮೊದಲನೇ ನೀರು ಅಂಬಲಿ. ಆರನೇದಕ್ಕ ತಿಳಿ ಆತು.
ಆರು ನೀರು, ಅಷ್ಟ.

ರೊಟ್ಟಿ ಉಂಡು, ಒಂದು ನಿದ್ದಿ ತಗದು ಬರೂದ್ರಾಗ ಒಣಗಿತ್ತು.
ಮಡಿಕಿಗೊಂದು ಗೆರಿ ಕೆಂಪನೆಣ್ಣಿ, ಬೈತಲಿ ತಗದಾಂಗ.
ಹೆಚ್ಚಾದ್ರ ಸೆನ್ಸರ್ ಕೆಡತೈತಿ,
ಕಡಿಮಿ ಆದ್ರ ಕಲ್ಲು ಒಳಗ ನುಗ್ಗತೈತಿ.
ತಿರುಗಿ ಜೋಡಸೂದ್ರಾಗ ಹೊತ್ತು ಇಳೀತು.
ಏಳನೇ ತೂತಿಗೆ ದಾವಲಸಾಬ ತಂತಿ ಬಿಗದ.

ಕೀಲಿ ತಿರುವಿದೆ. ಬಾಯಿಗೆ ಬಂದುಬಿಡ್ತು:
ಉಸಿರು ತಗೋ.

ತಗೊಳ್ಳಲಿಲ್ಲ. ಗುಕ್ಕ ಅಂದು, ನಡುಗಿ, ನಿಂತಿತು.
"ಮೇಡಂ," ಅಂದ ದಾವಲಸಾಬ, "ಅವ್ವನ ಸೀರಿ?"

ಮತ್ತ ಬಳಿ ತಗದು ಮಲಗಿದೆ.
ಅವ ನಕ್ಕ, ಕಟ್ಟಿ ಬಡದು ನಕ್ಕ,
ನಗು ಹೋಗಿ ಕೆಮ್ಮಾತು.
ಗಾಡಿ ಕೆಳಗಿಂದ ಕೇಳಿಸಿಕೊಂಡೆ. ಒಂದು. ಎರಡು.
ಬೆರಳು ನಟ್ಟಿನ ಮ್ಯಾಲ ಹಂಗ ನಿಂತ್ವು.
ಮೂವತ್ತು ವರ್ಷ ಕಲ್ಲಿನ ಲಾರಿ ಹೊಡದಾಂವ.

ಎಂದಿನಿಂದ ಐತ್ರಿ ಕೆಮ್ಮು, ಅಂದೆ,
ಬಂಪರಿಗೆ ಮಾರಿ ಮಾಡಿ.
"ಬೀಡೀದು ಮೇಡಂ, ಬಿಡ್ರಿ."
ನಾಳೆ ಬರ್ರಿ, ಹತ್ತಕ್ಕ. ನನ್ನ ಗಾಡ್ಯಾಗ ಕೂಡ್ರಿ.