ಎರಡು ಅರ್ಧ ಬಾಣ

ಮಾಚೇನಹಳ್ಳಿಯ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಮೂರನೇ ನಂಬರ್ ಕೆಟಲ್ಲಿನೊಳಗೆ ಟರ್ಪೆಂಟೈನು
ನೂರೈವತ್ತೈದು ಡಿಗ್ರಿಯಲ್ಲಿ ಮಗ್ಗುಲು ಬದಲಿಸುತ್ತಿದೆ.
ಹತ್ತು ಕಾರ್ಬನ್ನು, ಹದಿನಾರು ಹೈಡ್ರೋಜನ್ನು,
ಒಂದೂ ಕಳೆಯದೆ, ಒಂದೂ ಸೇರದೆ
ಪೈನೀನು ಕ್ಯಾಂಫೀನಾಗುತ್ತದೆ.
ಮನೆಯ ಸಾಮಾನು ಅದೇ,
ಗೋಡೆ ಮಾತ್ರ ಬೇರೆ ಕಡೆ ಎದ್ದಂತೆ.

ತಳದಲ್ಲಿ ಬಿಳಿ ಪುಡಿ, ಕ್ಯಾಟಲಿಸ್ಟು.
ಮುತ್ತುವೇಲು ಅದಕ್ಕೆ ಮದುವೆ ದಲ್ಲಾಳಿ ಅನ್ನುತ್ತಾನೆ.
"ಕೂಡಿಸೋದೂ ಅವನೇ ಮೇಡಂ, ಬಿಡಿಸೋದೂ ಅವನೇ.
ಎರಡಕ್ಕೂ ಒಂದೇ ಆತುರ.
ಎಲ್ಲ ಮುಗಿದ ಮೇಲೆ ತೂಗಿ ನೋಡಿ,
ಒಂದು ಗ್ರಾಂ ಹೆಚ್ಚಿರಲ್ಲ, ಕಮ್ಮಿ ಇರಲ್ಲ."
ಅನ್ನುತ್ತ ಸ್ಪ್ಯಾನರಿನಿಂದ ಪೈಪಿಗೆ ಬಡಿದು ಕಿವಿಗೊಡುತ್ತಾನೆ.
ಡಿಸೆಂಬರು. ಹಬೆ ತಪ್ಪಿದರೆ
ಕ್ಯಾಂಫೀನು ಮೇಣದ ಹಾಗೆ ಒಳಗೇ ಕಟ್ಟಿಕೊಳ್ಳುತ್ತದೆ.

ಗಂಟೆಗೊಂದು ಸ್ಯಾಂಪಲ್. ಸೂಜಿಮೊನೆಯಷ್ಟು ಹನಿ
ಕೊಳವೆಯುದ್ದಕ್ಕೂ ಓಡಿ
ಕಾಗದದ ಮೇಲೆ ಬೆಟ್ಟವಾಗಿ ಏಳುತ್ತದೆ.
ಕ್ಯಾಂಫೀನಿನದು ದೊಡ್ಡ ಬೆಟ್ಟ,
ಪಕ್ಕದಲ್ಲಿ ಟ್ರೈಸೈಕ್ಲೀನಿನ ದಿಬ್ಬ.
ಎರಡು ಗಂಟೆಗೆ ಆ ದಿಬ್ಬ ಎಷ್ಟೆತ್ತರವೋ
ಮೂರಕ್ಕೂ ಅಷ್ಟೇ. ನಾಲ್ಕಕ್ಕೂ ಅಷ್ಟೇ.
ಲಾಗ್ ಬುಕ್ಕಿನಲ್ಲಿ ಬರೆದೆ: ಬದಲಾವಣೆ ಇಲ್ಲ.
ಸಹಿ, ಜೆಸಿಂತಾ.

ಬರೆದ ಮೇಲೆ ಸುಳ್ಳು ಅನ್ನಿಸಿತು.

ಪಾಲಿಟೆಕ್ನಿಕ್ಕಿನ ಕಪ್ಪು ಹಲಗೆಯ ಮೇಲೆ
ಮೇಷ್ಟರು ಎಳೆಯುತ್ತಿದ್ದರು ಎರಡು ಅರ್ಧ ಬಾಣ,
ಒಂದು ಆಚೆಗೆ, ಒಂದು ಈಚೆಗೆ,
ಒಂದೇ ಓಣಿಯಲ್ಲಿ ಮುಖ ತಿರುಗಿಸಿಕೊಂಡ ದಾಯಾದಿಗಳಂತೆ.
"ಸಮತೋಲ ಅಂದರೆ ನಿದ್ದೆ ಅಲ್ಲ ಕಣ್ರೋ"
ಎಂದು ಒತ್ತಿದ ಕಡೆ ಸೀಮೆಸುಣ್ಣ ಮುರಿಯುತ್ತಿತ್ತು.
ನಾನದನ್ನು ಐದು ಅಂಕಕ್ಕೆ ಉರು ಹೊಡೆದಿದ್ದೆ.

ಮುತ್ತುವೇಲು ಓದಿದ್ದು ಏಳನೇ ಕ್ಲಾಸು.
ತಾತ ಕಬ್ಬಿಣ ಕಾಯಿಸಲು ಸೇಲಂನಿಂದ ಭದ್ರಾವತಿಗೆ ಬಂದವನು.
ಇವನ ಮನೆ ಹೊಳೆಯ ಈ ದಡ, ಕೆಲಸ ಆ ದಡ.
"ಸೈರನ್ ಆದ್ರೆ ಸೇತುವೆ ತುಂಬ ಸೈಕಲ್ಲು.
ಹೋಗೋರು ಎಷ್ಟೋ ಬರೋರೂ ಅಷ್ಟೇ.
ಮೇಲಿಂದ ಹದ್ದು ಎಣಿಸಿದ್ರೆ
ಆ ಕಡೆ ತಲೆ ಅಷ್ಟೇ, ಈ ಕಡೆ ತಲೆ ಅಷ್ಟೇ.
ಆದ್ರೆ ನಡುವೆ ಎಷ್ಟು ಮೊಣಕೈ ತಾಗ್ತಿತ್ತು ಗೊತ್ತಾ!"

ಸೈರನ್ ನಿಂತ ದಿನದ ಬಗ್ಗೆ ಅವನು ಹೇಳಲಿಲ್ಲ.
ಹೇಳದಿದ್ದರೂ ನಾನು ಲೆಕ್ಕ ಹಾಕಿದೆ.
ಆವತ್ತೂ ಹದ್ದಿಗೆ ಕಂಡದ್ದು ಇಷ್ಟೇ:
ಆ ಕಡೆ ಇದ್ದವರು ಆ ಕಡೆ,
ಈ ಕಡೆಯವರು ಈ ಕಡೆ.
ಬದಲಾವಣೆ ಇಲ್ಲ.

ಹಾಗಾದರೆ ತಣ್ಣಗೆ ಸತ್ತ ಕೆಟಲ್ಲಿಗೂ
ಕುದಿಯುತ್ತ ಸಮವಾದ ಕೆಟಲ್ಲಿಗೂ
ಕಾಗದದ ಮೇಲೆ ಅದೇ ಬೆಟ್ಟ, ಅದೇ ದಿಬ್ಬ.
ಬೇರೆ ಮಾಡಿ ತಿಳಿಯುವುದು ಹೇಗೆ?
ಪುಸ್ತಕದಲ್ಲಿ ದಾರಿಯಿದೆ:
ಒಂದು ಅಣುವಿಗೆ ಭಾರದ ಹೈಡ್ರೋಜನ್ ತೊಡಿಸಿ
ಬೆಟ್ಟದೊಳಗೆ ಬಿಡಬೇಕು.
ಸ್ವಲ್ಪ ಹೊತ್ತಿಗೆ ಅದು ದಿಬ್ಬದಲ್ಲಿ ಸಿಕ್ಕಿದರೆ
ಓಣಿಯಲ್ಲಿ ಇನ್ನೂ ಓಡಾಟ ಇದೆ ಅಂತ.

ಆರಕ್ಕೆ ಪಾಳಿ ಬಿಟ್ಟಿತು.
ಕಂಪನಿ ವ್ಯಾನು ಹಾರ್ನ್ ಮಾಡುತ್ತಿದ್ದರೂ
ಮುತ್ತುವೇಲು ಸೈಕಲ್ಲಿನ ಸೀಟು ಒರೆಸಿದ.
ಮೊದಲು ಆ ದಡಕ್ಕೆ ಹೋಗುತ್ತಾನಂತೆ,
ಮುಚ್ಚಿದ ಗೇಟಿನ ಎದುರು
ಇನ್ನೂ ಒಂದು ಇಡ್ಲಿ ಗಾಡಿ ನಿಲ್ಲುತ್ತದಂತೆ.
ತಿಂದು, ಸೇತುವೆ ದಾಟಿ, ಮನೆ.
"ದಿನಾ?"
"ದಿನಾ."
ಹಳೇ ಕಾರ್ಖಾನೆಯ ಖಾಕಿ ಸ್ವೆಟರು,
ಜೇಬಿನ ಮೇಲೆ ಟೋಕನ್ ನಂಬರು ಮಾಸಿಲ್ಲ.

ಲಾಗ್ ಬುಕ್ ತೆರೆದು ಆ ಎರಡು ಪದ ಹೊಡೆದು ಹಾಕಿದೆ.
ಮೇಲೆ ಬರೆದೆ: ಎರಡೂ ಕಡೆ ನಡೆಯುತ್ತಿದೆ.

ಒಂಬತ್ತಕ್ಕೆ ಮ್ಯಾನೇಜರ ಫೋನು:
"ಏನಮ್ಮ ಇದು? ಎಷ್ಟು ಪರ್ಸೆಂಟು ಅಂತ ಬರಿ, ಸಾಕು."

ಹದಿನಾರು, ಅಂದೆ.