ಹೆಪ್ಪು

ಥಣಿಸಂದ್ರದ ಹಿಂದೆ, ಎರಡು ಅಪಾರ್ಟ್‌ಮೆಂಟುಗಳ ಸಂದಿಗೆ
ಇನ್ನೂ ಮಾರದೆ ಉಳಿದ ಒಂದು ಸೈಟು.
ಅಲ್ಲಿ ಪಿಳ್ಳಮ್ಮನ ಒಂಬತ್ತು ಕೋಳಿ, ಒಂದು ಹುಂಜ,
ಸಿಮೆಂಟು ಕಂಬಕ್ಕೆ ಕಟ್ಟಿದ ಟಗರು.

ನಾನು ಹೆಬ್ಬಾಳದ ಲ್ಯಾಬಿನವಳು.
ಐಸು ಡಬ್ಬ, ಗ್ಲೌಸು, ತುದಿಗೆ ಹತ್ತಿ ಸುತ್ತಿದ ಕಡ್ಡಿ.
ಕೋಳಿ ಹಿಡಿಯಹೋಗಿ ಎರಡು ಸಲ ಬಿದ್ದೆ.
ಅವಳೇ ಸೆರಗು ಸಿಕ್ಕಿಸಿ ಬಂದು
ರೆಕ್ಕೆ ಮಡಚಿ ಕಂಕುಳಲ್ಲಿಟ್ಟು
"ಹೂಂ, ಎಲ್ಲಿ ತೂರಿಸಬೇಕೋ ತೂರಿಸವ್ವ" ಅಂದಳು.

ಔಷಧಿ ಏನು ಕೊಟ್ಟಿದ್ದೀರಿ ಎಂಬ ಕಾಲಮ್ಮಿದೆ ನನ್ನ ಹಾಳೆಯಲ್ಲಿ.
ಒಳಗಿಂದ ಬಂತು ಬಿಸ್ಕತ್ತಿನ ಡಬ್ಬ:
ಬೈಲಪ್ಪನ ಕಾಲಿನ ಗಾಯಕ್ಕೆ ಬರೆದು
ಮೂರೇ ದಿನಕ್ಕೆ ನೋವಿಳಿದು ಮಿಕ್ಕ ಕ್ಯಾಪ್ಸೂಲು,
ಮಗಳ ಬಾಣಂತನದ್ದು ನಾಲ್ಕು,
ಅಂಗಡಿಯವನು ಪೊಟ್ಟಣ ಕಟ್ಟಿದ ಹೆಸರಿಲ್ಲದ ಹಳದಿ ಪುಡಿ.
"ತೂಕಡಿಸೋ ಕೋಳಿಗೆ ಅರ್ಧ ಬಿಚ್ಚಿ
ರಾಗಿ ಹಿಟ್ಟಿಗೆ ಕಲಸ್ತೀನಿ.
ದುಡ್ಡು ಕೊಟ್ಟು ತಂದಿದ್ದು, ಎಸೆಯಕ್ಕಾಯ್ತದಾ?"

ಎಸೆಯದ ಮನೆ ಅದು.
ತಂಗಳನ್ನ ಕೋಳಿಗೆ, ಹಿಕ್ಕೆ ಬದನೆ ಬುಡಕ್ಕೆ,
ಬದನೆಯ ತೊಟ್ಟು ಟಗರಿಗೆ.
ಅದೇ ಸುತ್ತಿನಲ್ಲಿ ಮಾತ್ರೆಯೂ ಸುತ್ತುತ್ತಿತ್ತು.

ಗೋಡೆಯಾಚೆ ಜೈತುನ್‌ಬಿ:
"ಪಿಳ್ಳಕ್ಕಾ, ಒಂದು ಚಮಚ ಹೆಪ್ಪು!"
ಸ್ಟೀಲು ಲೋಟ ಗೋಡೆ ಹತ್ತಿ ಇಳಿಯಿತು.

ಮೂರನೆಯ ದಿನ ತಟ್ಟೆ ತೆಗೆದು ಬೆಳಕಿಗೆ ಹಿಡಿದೆ.
ಬಿಳಿ ಬಿಲ್ಲೆಗಳ ಸುತ್ತ ಬರಿದು ಅಂಗಳ ಇರಬೇಕು,
ಔಷಧಿ ಗುಡಿಸಿದಷ್ಟು ಜಾಗ.
ಅಂಗಳವೇ ಇಲ್ಲ.
ಬಿಲ್ಲೆಗೇ ಬೆನ್ನು ಕೊಟ್ಟು ಬೆಳೆದಿವೆ,
ಬಿಸಿಲು ಕಾಯಿಸುವ ಮುದುಕರಷ್ಟು ಆರಾಮಾಗಿ.
ಒಂದರ ಸುತ್ತ ಮಾತ್ರ ಕಾಸಗಲ ಬೋಳು,
ಅದು ದೊಡ್ಡಾಸ್ಪತ್ರೆಯಲ್ಲಿ ಕೊನೆಗೆ ಬರೆಯುವ ಔಷಧಿ.

ಓದುವಾಗ ಮೇಡಂ ಬೋರ್ಡಿನ ಮೇಲೆ ಸೇತುವೆ ಬರೆಯುತ್ತಿದ್ದರು:
ಒಂದು ಜೀವಾಣು ಇನ್ನೊಂದಕ್ಕೆ
ಉಂಗುರದಂಥ ಗುಟ್ಟು ದಾಟಿಸುವುದು ಹೀಗೆ ಎಂದು.
ನನಗೀಗ ಕಾಣುವುದು ಲೋಟ.
ಜಾತಿ ಕೇಳದೆ, ಸಾಲ ಬರೆದಿಡದೆ
ಕೋಳಿಯದು ಟಗರಿಗೆ, ಟಗರಿನದು ಮೋರಿಗೆ,
ಮೋರಿ ಹೋಗಿ ಸೇರುವುದು ರಾಚೇನಹಳ್ಳಿ ಕೆರೆಗೆ.
ಒಂದು ಚಮಚ ಸಾಕು.
ಬೆಳಗಾಗುವುದರೊಳಗೆ ಪಾತ್ರೆಯೆಲ್ಲ ಅದೇ.

ರಿಪೋರ್ಟು ಬರೆದೆ: ಬಗ್ಗದು, ಬಗ್ಗದು, ಬಗ್ಗದು, ಬಗ್ಗದು, ಬಗ್ಗೀತು.
ಮನೆಗೆ ಬಂದು ಫ್ರಿಜ್ಜಿನ ಮೇಲಿನ ಡಬ್ಬ ತಡಕಿದೆ:
ಹೋದ ವರ್ಷದ ಕೆಮ್ಮಿನದು, ಐದು ದಿನದ ಕೋರ್ಸು, ಉಳಿದದ್ದು ಎರಡು.
ಅವತ್ತು ಪಿಳ್ಳಮ್ಮ ಕೈಗಿಟ್ಟ ನಾಲ್ಕು ಮೊಟ್ಟೆಯನ್ನು
ಗ್ಲೌಸಿಲ್ಲದ ಕೈಯಲ್ಲೇ ತಂದಿದ್ದೆ. ಚೆನ್ನಾಗಿತ್ತು ಆಮ್ಲೆಟ್ಟು.

ಸೋಮವಾರ ಹೇಳಲೆಂದೇ ಹೋದೆ.
ಬಸ್ಸಿನುದ್ದಕ್ಕೂ ಮಾತು ಜೋಡಿಸಿ, ಕೆಡವಿ,
ಬೈದ ಹಾಗಾಗಬಾರದು, ಹೆದರಿಸಿದ ಹಾಗೂ.
ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು,
ಊದಿ ಮಣಿಕಟ್ಟಿನವರೆಗೆ ಕೆಂಪು.
"ಹುಂಜ ಕುಕ್ಕಿ ನಾಕು ದಿನ ಆಯ್ತು ಕಣವ್ವ.
ಓದಿದೋಳು ನೀನು, ನೋಡಿ ಹೇಳು,
ಇದ್ರಾಗೆ ಯಾವುದು ನುಂಗಲಿ?"

ಡಬ್ಬದ ಮುಚ್ಚಳ ತೆಗೆದು
ನನ್ನ ಕಡೆಗೆ ಹಿಡಿದಳು.